ಅಡಿಕೆ ಹೋಳು ಸಿಕ್ಕಿಸಿದ ಕೀಬೋರ್ಡಿಗೆ ಹೊಂದುವುದಿಲ್ಲ

ವೇದಾವತಿ ಮೇಡಂ ಬೇರೆಯವರ ಕೀಬೋರ್ಡನ್ನು ಒರೆಸದೆ ಮುಟ್ಟಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಅವರ ಬ್ಯಾಗಿನಲ್ಲಿ ಸದಾ ಒಂದು ಸಣ್ಣ ಬಾಟಲಿ ಸ್ಪಿರಿಟ್ಟು, ಒಂದಿಷ್ಟು ಹತ್ತಿ ಇರುತ್ತಿತ್ತು. ಯಾವ ಕಂಪ್ಯೂಟರಿನ ಮುಂದೆ ಕೂರಬೇಕಾದರೂ ಮೊದಲು ಕೀಲಿಗಳನ್ನು ಒರೆಸುತ್ತಿದ್ದರು, ಕಪ್ಪಾದ ಹತ್ತಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತಿದ್ದರು, "ಥೂ, ಇದೇ ಕೈಯಲ್ಲಿ ಊಟಾನೂ ಮಾಡ್ತೀರಲ್ಲ!" ಅನ್ನುತ್ತಿದ್ದರು, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಭದ್ರಾವತಿಯ ನಮ್ಮ ಫೌಂಡ್ರಿಯಲ್ಲಿ ಅವರಿಗೆ ಹೆದರದವರಿರಲಿಲ್ಲ, ಅವರು ಅತ್ತ ತಿರುಗಿದೊಡನೆ ಮೂಗು ಮುರಿಯದವರೂ ಇರಲಿಲ್ಲ. ನಾನು ಮಾತ್ರ ಮೊದಲಿನಿಂದಲೂ ಅವರ ಕಡೆಯವನು. ಈ ಜಾಗದಲ್ಲಿ ಇಷ್ಟು ವರ್ಷ ದುಡಿದವನಾಗಿ ಹೇಳುತ್ತೇನೆ, ಇಲ್ಲಿ ಅಸಹ್ಯ ಪಟ್ಟುಕೊಳ್ಳದೆ ಇರುವವರ ಮೂಗಿನಲ್ಲೇ ಏನೋ ದೋಷ ಇರಬೇಕು.

ಅವರ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಗಂಡ ವಾದಿರಾಜರು ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದವರು, ಸಮಾಧಾನದ ಮನುಷ್ಯ. "ನಮ್ಮನೇಲಿ ಮಡಿ ಅಡುಗೆಮನೆಗಿಲ್ಲ ಮಾರಾಯ, ಎಲ್ಲಾ ಕಂಪ್ಯೂಟರಿಗೇ ಹೋಗಿಬಿಟ್ಟಿದೆ" ಎಂದು ನನ್ನ ಹತ್ತಿರ ನಗುತ್ತಿದ್ದರು. ನಾನು ನವುಲೆಯವನು, ಒಕ್ಕಲುತನದ ಮನೆಯಿಂದ ಬಂದವನು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಮೇಡಂ ಕೂತಿರುತ್ತಿದ್ದರು, ಮುಂದಿನ ಕಂಬಿಗೆ ಕರ್ಚೀಫು ಸುತ್ತಿ ಅದನ್ನು ಹಿಡಿದುಕೊಂಡು. "ದುಶ್ಯಂತ, ಕೂತ್ಕೊಳ್ಳೋ ಮುಂಚೆ ಸೀಟು ನೋಡಿ ಕೂತ್ಕೋ" ಎನ್ನುವುದೇ ಅವರ ನಮಸ್ಕಾರ.

ಅವರು ಮಾಡಿದ ಒಂದು ಕೆಲಸವನ್ನು ಹೇಳಬೇಕಾದರೆ ಮೊದಲು ನಮ್ಮ ಓವನ್ನಿನ ವಿಷಯ ಹೇಳಬೇಕು. ಅಡುಗೆಯ ಓವನ್ ಅಲ್ಲ, ಒಂದು ಕೋಣೆಯಷ್ಟು ದೊಡ್ಡದು. ಮರಳಿಗೆ ಕಾಕಂಬಿ ಕಲೆಸಿ ಮಾಡಿದ ಎರಕದ ಅಚ್ಚುಗಳನ್ನು ಒಣಗಿಸಿ ಗಟ್ಟಿ ಮಾಡಲು ಟ್ರಾಲಿಯಲ್ಲಿಟ್ಟು ಒಳಗೆ ತಳ್ಳುತ್ತೇವೆ. ಮೇಲಿನಿಂದ ಕಬ್ಬಿಣದ ಬಾಗಿಲು ಇಳಿದು ಬೀಗ ಬೀಳುತ್ತದೆ, ಗಾಳಿ ಊದುವ ಬ್ಲೋವರು ತಿರುಗುತ್ತದೆ, ಬಿಸಿ ಏರುತ್ತದೆ. ಒಳಗೆ ಮಸಿ, ಸುಟ್ಟ ಕಾಕಂಬಿಯ ಅಂಟು, ಅದಕ್ಕೆ ಮುತ್ತುವ ಜಿರಳೆ, ಜಿರಳೆಯ ಹಿಂದೆ ಬರುವ ಹೆಗ್ಗಣ. ಆ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೆ ಬಿಡುವುದಿಲ್ಲ. ಅದನ್ನು ಗುಡಿಸುತ್ತಿದ್ದವಳು ಹಾಲಮ್ಮ, ಹೆಚ್ಚುಕಡಿಮೆ ಮೇಡಂ ವಯಸ್ಸಿನವಳೇ, ಗುತ್ತಿಗೆ ಕೆಲಸದವಳು. ಮೇಡಂ ಓವನ್ನಿನ ಬಾಗಿಲಿನ ತನಕ ಬರುತ್ತಿದ್ದರು, ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲಿಂದಲೇ ಹಿಂತಿರುಗುತ್ತಿದ್ದರು. ಒಳಗೆ ಕಾಲಿಟ್ಟವರಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಈ ಓವನ್ನಿಗೊಂದು ಕಂಪ್ಯೂಟರ್ ಬಂತು. ಓವನ್ನಿನ ಗೋಡೆಗೇ ಆನಿಸಿ ಕಟ್ಟಿದ ತಗಡಿನ ಕ್ಯಾಬಿನ್ನಿನಲ್ಲಿ ಅದನ್ನು ಇಟ್ಟರು. ಆಗಿನದು ಡಾಸ್ ಕಾಲ. ಮಾಡಬೇಕಾದ ಕೆಲಸಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಕಂಪ್ಯೂಟರ್ ಮೇಲಿನಿಂದ ಕೆಳಗೆ ಮಾಡಿಕೊಂಡು ಹೋಗುತ್ತಿತ್ತು. ಬ್ಯಾಚ್ ಫೈಲ್ ಎನ್ನುವುದು ಅದಕ್ಕೇ. ಬಾಗಿಲು ಇಳಿಸು, ಬ್ಲೋವರು ಹಾಕು, ಬಿಸಿ ಏರಿಸು. ನಡುವೆ ನಿಂತು ನಮ್ಮನ್ನು ಒಂದು ಮಾತು ಕೇಳುವ ಬುದ್ಧಿ ಅದಕ್ಕಿರಲಿಲ್ಲ. ನಿಲ್ಲಿಸುವ ಆಜ್ಞೆಯೊಂದಿತ್ತು ನಿಜ, ಆದರೆ ಯಾವ ಕೀಲಿ ತಾಗಿದರೂ ಅದು ಮುಂದೆ ಓಡುತ್ತಿತ್ತು. ಆಫೀಸಿನಲ್ಲಿ ಗಣಿತದ ಬಿ.ಎಸ್ಸಿ. ಮಾಡಿ ಕಂಪ್ಯೂಟರ್ ಕೋರ್ಸೂ ಮುಗಿಸಿದ್ದವರು ವೇದಾವತಿ ಮೇಡಂ ಒಬ್ಬರೇ. ಅವರು ಇದನ್ನು ನೋಡಿ, "ಮನುಷ್ಯ ಹೋಗಿ ಬರೋ ಕೋಣೆ ಇದು, ಒಂದು ಮಾತೂ ಕೇಳ್ದೆ ಬಾಗ್ಲು ಹಾಕೋದಾ?" ಎಂದು ಸಿಡುಕಿ, ತಾವೇ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಹೆಸರು 'ತಡಿ'. ಬ್ಯಾಚ್ ಫೈಲಿನಲ್ಲಿ ಬಾಗಿಲು ಇಳಿಸುವ ಸಾಲಿಗೆ ಮುಂಚೆ ತಡಿ ಎಂದು ಬರೆದರೆ ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು: ಒಳಗೆ ಯಾರೂ ಇಲ್ಲ ತಾನೆ? ವೈ ಒತ್ತಿದರೆ ಮುಂದೆ, ಎನ್ ಒತ್ತಿದರೆ ಅಲ್ಲಿಗೇ ನಿಲ್ಲುತ್ತಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಮ್ಮ ಜನರ ಕೈಗೆ ಸಿಕ್ಕ ಯಾವುದು ಇಷ್ಟಕ್ಕೇ ಮುಗಿದಿದೆ? ತಡಿಯ ಜೊತೆ ಮೇಡಂ ಒಂದು ಟಿಪ್ಪಣಿ ಫೈಲನ್ನೂ ಇಟ್ಟಿದ್ದರು. ಯಾವ ಆವೃತ್ತಿಯಲ್ಲಿ ಏನು ರಿಪೇರಿ ಮಾಡಿದೆ, ಯಾವ ಯಂತ್ರಕ್ಕೆ ಹೊಂದುತ್ತದೆ, ಯಾವುದಕ್ಕಿಲ್ಲ ಅಂತ. ಅದರಲ್ಲಿ ಇಡೀ ಫೌಂಡ್ರಿಯ ಕೊಳಕು ನಡತೆ ಸಿಗುತ್ತಿತ್ತು. 1.1ರಲ್ಲಿ ಬರೆದದ್ದು: ಆಪರೇಟರು ನಿದ್ದೆ ಮಾಡುತ್ತಾನೆ, ಆದ್ದರಿಂದ ಪ್ರಶ್ನೆ ಬಂದಾಗ ಗಟ್ಟಿಯಾಗಿ ಕುಯ್ ಎನ್ನುವ ಸದ್ದು ಸೇರಿಸಿದೆ. 1.2: ಪ್ರಶ್ನೆ ಬರುವ ಮೊದಲೇ ವೈ ಒತ್ತಿಟ್ಟು ಬೀಡಿ ಸೇದಲು ಹೋಗುತ್ತಾರೆ, ಮೊದಲೇ ಒತ್ತಿದ ಕೀಲಿಗಳನ್ನೆಲ್ಲ ಇನ್ನು ಮುಂದೆ ತಡಿ ಮರೆತುಬಿಡುತ್ತದೆ. 1.3: ಹೊಸ ಕೀಬೋರ್ಡಿಗೆ ಹೊಂದಿಸಿದೆ. ಹಳೆಯದನ್ನು ಎಸೆಯಲಾಯಿತು, ಕಾರಣ ಬರೆಯಲು ನನಗೆ ಹೇಸಿಗೆಯಾಗುತ್ತದೆ.

1.4ರ ದಿನ ನಾನೇ ಅಲ್ಲಿದ್ದೆ. ಆಗ ತಾನೇ ಕೆಲಸಕ್ಕೆ ಸೇರಿದ್ದೆ. ಓವನ್ನಿನ ಆಪರೇಟರು ಮಲ್ಲೇಶ್, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಿಗೆ ಬದಲು ಕತ್ತು ಆಡಿಸುವ ಆಸಾಮಿ. ಕೆಲವು ದಿನಗಳಿಂದ ಓವನ್ ಯಾರನ್ನೂ ಕಾಯದೆ ಹೊತ್ತಿಕೊಳ್ಳುತ್ತಿದೆ ಎಂದು ಗೊತ್ತಾಗಿ ಮೇಡಂ ಕ್ಯಾಬಿನ್ನಿಗೆ ಬಂದರು. ಎಂದಿನಂತೆ ಹತ್ತಿ ಅದ್ದಿ ಕೀಬೋರ್ಡು ಒರೆಸತೊಡಗಿದರು. ವೈ ಕೀಲಿಯ ಹತ್ತಿರ ಹತ್ತಿ ತಡೆಯಿತು. ಉಗುರಿನಿಂದ ಎಬ್ಬಿಸಿ ನೋಡಿದರೆ ಅಡಿಕೆ ಹೋಳು. ಕೀಲಿ ಕೆಳಗೇ ಒತ್ತಿಕೊಂಡಿರಲಿ ಎಂದು ಸಂದಿಗೆ ಸಿಕ್ಕಿಸಿದ್ದ. ಬರೀ ಹೋಳೂ ಅಲ್ಲ. ಒಂದು ಬದಿ ಕೆಂಪಗೆ ಒದ್ದೆಯಾಗಿ, ಹಲ್ಲಿನ ಗುರುತು ಸಮೇತ ಇತ್ತು.

"ಏನಿದು ಮಲ್ಲೇಶ್?"

ಮಲ್ಲೇಶ ಕಿಟಕಿಯಾಚೆ ಉಗುಳಿ ಬಂದ. "ದಿನಾ ಅದೇ ಪ್ರಶ್ನೆ ಮೇಡಂ. ದಿನಾ ಅದೇ ಉತ್ರ. ಒಂದ್ಸಲ ಹೇಳ್ಬಿಟ್ರೆ ಆಗಲ್ವಾ?"

"ಬಾಯಲ್ಲಿದ್ದದ್ದನ್ನ ತೆಗ್ದು ಇಲ್ಲಿ ಇಟ್ಟಿದೀಯಾ?"

"ಗಟ್ಟಿ ಹೋಳು ಸರಿಯಾಗಿ ಕೂರ್ಲಿಲ್ಲ. ಸ್ವಲ್ಪ ಜಗಿದ್ರೆ ಮೆತ್ತಗಾಗಿ ಕೂರುತ್ತೆ."

ಮೇಡಂ ಅವತ್ತು ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗ ಬರುವ ತನಕ ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಕೂತಿದ್ದರು. ಆ ವಾರವೇ ಹೊಸ ಆವೃತ್ತಿ ಬಂತು. ಕೀಲಿಯನ್ನು ಬಿಟ್ಟು, ಮತ್ತೆ ಒತ್ತಿದರೆ ಮಾತ್ರ ತಡಿ ಒಪ್ಪುತ್ತಿತ್ತು. ಟಿಪ್ಪಣಿಯಲ್ಲಿ ಬರೆದಿದ್ದರು: ಅಡಿಕೆ ಹೋಳು ಸಿಕ್ಕಿಸಿದ ಕೀಬೋರ್ಡಿಗೆ ಹೊಂದುವುದಿಲ್ಲ. ಆಮೇಲೆ 1.5ರಲ್ಲಿ ವೈ ಒತ್ತುವುದನ್ನೇ ತೆಗೆದುಹಾಕಿ, ಪ್ರತಿ ಸಲ ಪರದೆಯ ಮೇಲೆ ಬೇರೆ ಬೇರೆ ಅಕ್ಷರ ತೋರಿಸಿ ಅದನ್ನೇ ಒತ್ತಬೇಕೆಂದು ಮಾಡಿದರು. ಅದನ್ನು ಕಂಡು ಓವನ್ ಕಡೆಯವರು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದರು. ಮೇಡಂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ವರ್ಷಗಳ ಹಿಂದೆ ಮೇಡಂ ನಿವೃತ್ತರಾದರು. ಹಾಲಮ್ಮ ಆಗಲಿಲ್ಲ. ಗುತ್ತಿಗೆಯವರಿಗೆ ನಿವೃತ್ತಿ ಎಂಬುದಿಲ್ಲ, ಸೊಂಟ ಬಗ್ಗುವ ತನಕ ಪೊರಕೆ, ಬಗ್ಗಿದ ಮೇಲೂ ಪೊರಕೆ. ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ, ಉರಿಯಲಿ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಳೆಯ ಕಂಪ್ಯೂಟರ್ ಸುಟ್ಟಿತು. ಹೊಸದನ್ನು ತಂದವನು ಆಕರ್ಷ, ಮಾಲೀಕರ ತಂಗಿಯ ಮಗ, ಈಗ ಪ್ಲಾಂಟ್ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಹೊಸ ಯಂತ್ರದಲ್ಲಿ ಡಾಸ್ ಇಲ್ಲವಲ್ಲ, ಡಾಸಿನ ಹಾಗೆ ನಟಿಸುವ ಒಂದು ಪ್ರೋಗ್ರಾಂ ಹಾಕಿ ಅದರೊಳಗೆ ಹಳೆಯ ಫೈಲುಗಳನ್ನು ಓಡಿಸಿದ. ಎಲ್ಲ ಓಡಿತು, ತಡಿ ಮಾತ್ರ ಓಡಲಿಲ್ಲ. ಕೀಲಿ ಬಿಟ್ಟಿದ್ದಾರೋ ಇಲ್ಲವೋ ಎಂಬುದನ್ನು ಅದು ಡಾಸನ್ನು ನಂಬದೆ ನೇರವಾಗಿ ಕೀಬೋರ್ಡಿನಿಂದಲೇ ತಿಳಿದುಕೊಳ್ಳುತ್ತಿತ್ತು. ನಟನೆಯ ಡಾಸಿನಲ್ಲಿ ಆ ಸುದ್ದಿ ಅದಕ್ಕೆ ತಲುಪುತ್ತಲೇ ಇರಲಿಲ್ಲ. 'ಕೀಲಿ ಬಿಡಿ, ಕೀಲಿ ಬಿಡಿ' ಎಂದು ಪರದೆಯ ಮೇಲೆ ತೋರಿಸುತ್ತ ನಿಂತುಬಿಟ್ಟಿತು. ಆಕರ್ಷ ಬ್ಯಾಚ್ ಫೈಲು ತೆರೆದು ತಡಿಯ ಸಾಲಿನ ಮುಂದೆ 'ರೆಮ್' ಎಂದು ಬರೆದ. ಹಾಗೆ ಬರೆದರೆ ಕಂಪ್ಯೂಟರ್ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಟಿಹೋಗುತ್ತದೆ. ಪ್ರಶ್ನೆ ಹೋಯಿತು, ಕುಯ್ ಎನ್ನುವ ಸದ್ದೂ ಹೋಯಿತು. ಬದಲಿಗೆ ಪರದೆಯ ಮೇಲೊಂದು ಚಂದದ ಚಿತ್ರ ಬಂತು, ಅದನ್ನು ಒತ್ತಿದರೆ ಬಾಗಿಲಿನಿಂದ ಬೆಂಕಿಯ ತನಕ ಎಲ್ಲ ತಾನಾಗಿ ಆಗುತ್ತಿತ್ತು. ನಾನು ಬೇಡವೆಂದೆ. "ಆಪರೇಟರ್ ಕಣ್ಣಲ್ಲಿ ನೋಡ್ತಾನಲ್ಲ ದುಶ್ಯಂತ್" ಎಂದ. ನಾನು ಮೇಡಂಗೆ ಫೋನು ಮಾಡಿದೆ.

ಅವರು ಮಾರನೆಯ ದಿನವೇ ಬಂದರು. ಕ್ಯಾಬಿನ್ನಿನ ಮೂಲೆಯಲ್ಲಿ ಗುಟ್ಕಾ ಉಗುಳಿದ ಕಲೆಗಳನ್ನು ನೋಡಿ ಸ್ವಲ್ಪ ಹೊತ್ತು ಹೊರಗೇ ನಿಂತು, ಆಮೇಲೆ ಒಳಗೆ ಬಂದು ಹತ್ತಿ ತೆಗೆದರು. ಫೈಲು ತೆರೆದು ರೆಮ್ ಕಂಡರು. ಅಡಿಕೆ ಹೋಳು ಕಂಡ ದಿನ ಇದ್ದ ಮುಖವೇ ಮತ್ತೆ ಬಂತು.

"ಮೇಡಂ, ಅದು ತುಂಬಾ ಹಳೇ ಯುಟಿಲಿಟಿ. ಕಂಪಾಟಿಬಲ್ ಆಗಲ್ಲ" ಎಂದ ಆಕರ್ಷ, ನಯವಾಗಿ.

"ಪ್ರಶ್ನೆ ಹಳೇದಾ ಆಕರ್ಷ? ಓವನ್ ಹೊಸದಾ? ಒಳಗೆ ಹೋಗೋ ಹೆಂಗಸು ಹೊಸಬಳಾ?"

"ಇಷ್ಟು ದಿನದಲ್ಲಿ ಏನೂ ಆಗಿಲ್ವಲ್ಲ ಮೇಡಂ."

"ಮಲ್ಲೇಶ ಅಡಿಕೆನಾದ್ರೂ ಸಿಕ್ಸಿದ್ದ, ತೆಗ್ದು ಎಸೀಬಹುದಿತ್ತು. ನೀವು ನೋಡಿ, ಎಷ್ಟು ಕ್ಲೀನಾಗಿ ಸಿಕ್ಸಿದೀರ. ಹತ್ತಿಗೂ ಹತ್ತಲ್ಲ."

ತಡಿಯ ಮೂಲ ಬರಹ ಮೇಡಂ ಮನೆಯ ಫ್ಲಾಪಿಗಳಲ್ಲಿತ್ತು. ನಾನು ಅವರ ಜೊತೆ ಹೋಗಿ ಅಟ್ಟದಿಂದ ಇಳಿಸಿದೆ. ತಗಡಿನ ಮುಚ್ಚಳ ಸರಿಸಿದರೆ ಒಂದೊಂದರ ಮೇಲೂ ಬಿಳಿ ಬೂಷ್ಟು. ಕೊಳೆತ ವಾಸನೆಗೆ ನಾನೇ ಮುಖ ತಿರುಗಿಸಿದೆ. ಮೇಡಂ ಅವನ್ನು ಒಂದು ಚೀಲಕ್ಕೆ ತಳ್ಳಿ, ಕೈ ತೊಳೆದು, "ಮತ್ತೆ ಬರೀತೀನಿ, ಇನ್ನೇನು" ಎಂದರು. ಆಯುಧಪೂಜೆ ಹತ್ತಿರ ಬಂದಿತ್ತು. ಹಬ್ಬ ಮುಗಿಯುವಷ್ಟರಲ್ಲಿ ಕೊಡುತ್ತೇನೆ, ಅಲ್ಲಿಯವರೆಗೆ ಓವನ್ ಹಚ್ಚಬೇಡಿ ಎಂದು ಆಕರ್ಷನಿಗೆ ಹೇಳಿದರು. ಅವನು ಆಗಲಿ ಎಂದು ತಲೆ ಆಡಿಸಿದ.

ನಮ್ಮಲ್ಲಿ ಆಯುಧಪೂಜೆಯ ಕ್ರಮವೊಂದಿದೆ. ಮುಂಚಿನ ದಿನ ಎಲ್ಲ ಯಂತ್ರಗಳನ್ನು ತೊಳೆದು ಅರಿಸಿನ ಕುಂಕುಮ ಹಚ್ಚುತ್ತೇವೆ. ಪೂಜೆ ಆಗಿ, ಬೂದುಗುಂಬಳ ಒಡೆದ ಮೇಲೆ ಪ್ರತಿ ಆಪರೇಟರೂ ತನ್ನ ಯಂತ್ರವನ್ನು ಒಂದು ಸಲ ಚಾಲೂ ಮಾಡಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಪೂಜೆ ಪೂರ್ತಿಯಾಗಿಲ್ಲವೆಂದು ಲೆಕ್ಕ. ಪೂಜೆಯ ದಿನ ಓವನ್ನಿನ ಒಳಗೋಡೆಗೂ ಕುಂಕುಮ ಇಟ್ಟು, ಹಳಿಗಳ ನಡುವೆ ರಂಗೋಲಿ ಹಾಕುವುದು ಹಾಲಮ್ಮನ ಪಾಲಿನ ಕೆಲಸ. ಹಳಬರಿಗೆಲ್ಲ ಆ ದಿನ ಕರೆ ಇರುತ್ತದೆ, ಮೇಡಮ್ಮೂ ಬಂದಿದ್ದರು. ಭಟ್ಟರಿಗೆ ಅವತ್ತು ಇನ್ನೂ ನಾಲ್ಕಾರು ಕಡೆ ಪೂಜೆ ಇತ್ತು, ಮಂತ್ರ ಓಡಿತು, ಪೂಜೆ ಎಂದಿಗಿಂತ ಬೇಗ ಮುಗಿಯಿತು. ಸ್ಪೀಕರಿನಲ್ಲಿ ಹಾಡು ಕಿವಿ ಕಿತ್ತುಹೋಗುವಂತೆ ಕಿರುಚುತ್ತಿತ್ತು. ನಾನು ಲೇತುಗಳ ಶೆಡ್ಡಿನಲ್ಲಿದ್ದೆ. ಮೇಡಂ ಅಂಗಳದಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು, ತಿನ್ನುವ ಮನಸ್ಸಿಲ್ಲದೆ ನಿಂತಿದ್ದರು.

"ಎಲ್ಲಾ ಒಂದ್ಸಲ ಚಾಲೂ ಮಾಡ್ರಪ್ಪಾ!" ಎಂದು ಆಕರ್ಷ ಕೂಗಿದ. ಓವನ್ ಹಚ್ಚಬೇಡಿ ಎಂದದ್ದು ಅವನ ನೆನಪಿಗೇ ಬರಲಿಲ್ಲ, ಬಂದರೂ ಅದು ಕೆಲಸಕ್ಕೆ ಹಚ್ಚುವ ಮಾತು, ಇದು ಶಾಸ್ತ್ರ ಎಂದುಕೊಂಡಿರಬೇಕು. ಮಲ್ಲೇಶ ಕುಂಕುಮದ ಬೆರಳಿನಲ್ಲಿ ಪರದೆಯ ಮೇಲಿನ ಚಿತ್ರ ಒತ್ತಿದ. ಕಬ್ಬಿಣದ ಬಾಗಿಲು ಇಳಿಯಿತು.

ಬ್ಲೋವರಿನ ಸದ್ದಿಗೆ ಮೇಡಂ ತಿರುಗಿದರು. ಮುಚ್ಚಿದ ಬಾಗಿಲಿನ ಹೊರಗೆ ಒಂದು ಜೊತೆ ಸವೆದ ಚಪ್ಪಲಿ ಇತ್ತು. ಪೂಜೆಯ ಜಾಗವೆಂದು ಹಾಲಮ್ಮ ಅಲ್ಲಿ ಬಿಟ್ಟು ಒಳಗೆ ಹೋಗಿದ್ದಳು. ಮಂಡಕ್ಕಿ ಕೈಬಿಟ್ಟು ಮೇಡಂ ಹಾಕಿದ ಕೂಗು ನನಗೆ ಲೇತಿನ ಶೆಡ್ಡಿಗೆ ಕೇಳಿಸಿತು. ಓಡಿಬಂದು ಮೇನ್ ಸ್ವಿಚ್ಚು ಎಳೆದೆ. ಮಲ್ಲೇಶನೂ ಇನ್ನೊಬ್ಬನೂ ಸರಪಳಿ ಹಿಡಿದು ಬಾಗಿಲು ಎತ್ತಿದರು. ಬಿಸಿ ಗಾಳಿಯ ಜೊತೆಗೆ ಹಾಲಮ್ಮ ಮಂಡಿಯೂರಿಕೊಂಡು ಹೊರಗೆ ಬಂದಳು. ಮುಖ ಕೆಂಡದ ಹಾಗೆ ಕೆಂಪಾಗಿತ್ತು, ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು. ನೀರು ಕುಡಿಸಿ ನೆರಳಿಗೆ ಕೂರಿಸಿದೆವು. ಜೀವಕ್ಕೆ ಏನೂ ಆಗಲಿಲ್ಲ.

"ದೇವ್ರು ದೊಡ್ಡೋನು" ಎಂದ ಆಕರ್ಷ. "ಹಬ್ಬದ ದಿನ, ಹಾಗಾಗಿ ಉಳ್ಕೊಂಡ್ಳು." ಆಮೇಲೆ ಅವಳ ಕೈಗೆ ಒಂದು ಲಾಡು ಕೊಟ್ಟ. ನನಗೆ ಎಷ್ಟು ಹೇಸಿಗೆಯಾಯಿತೆಂದರೆ, ಮಲ್ಲೇಶ ಜೀವಮಾನವಿಡೀ ಉಗುಳಿದ್ದೆಲ್ಲ ಆ ಲಾಡುವಿನ ಮುಂದೆ ಕೊಳಕೇ ಅಲ್ಲ ಎನಿಸಿತು.

ಹಾಲಮ್ಮ ಉಸಿರು ಸಿಕ್ಕ ಮೇಲೆ ಮೇಡಂ ಕಡೆ ನೋಡಿ ಹೇಳಿದಳು. "ಕುಯ್ ಅನ್ಲೇ ಇಲ್ವಲ್ಲ ಮೇಡಮ್ಮೋರೆ. ಕುಯ್ ಅಂದಿದ್ರೆ ನಾನಿದೀನಿ ಅಂತಿದ್ದೆ."

"ಅಂದ್ರೆ?"

"ಅದು ಕುಯ್ ಅಂದ ಕೂಡ್ಲೆ ನಾನು ಒಳಗಿಂದ ಕೂಗ್ತೀನಲ್ಲ, ನಾನಿದೀನಿ, ತಡೀರಿ ಅಂತ. ಅವಾಗ್ಲಿಂದ್ಲೂ ಹಂಗೇ. ಹೊಸ ಮಿಷಿನ್ ಬಂದ್ಮೇಲೆ ನಾನು ಒಳಗಿದ್ದಾಗ ಹಚ್ಚಿದ್ದು ಇವತ್ತೇ ಮೊದ್ಲು. ಕುಯ್ ಅನ್ಲಿಲ್ಲ, ಇನ್ನೂ ಟೈಮಿದೆ ಅಂದ್ಕೊಂಡೆ. ಬಾಗ್ಲು ಬಿದ್ಮೇಲೆ ಕೂಗ್ದೆ. ಯಾರೂ ಬರ್ಲಿಲ್ಲ."

ಮೇಡಂ ಮಲ್ಲೇಶನತ್ತ ತಿರುಗಿದರು. ಅವನು ನೆಲ ನೋಡುತ್ತ, "ಹೌದು ಮೇಡಂ. ಇವ್ಳು ಕೂಗಿದ್ರೆ ಕಾಯ್ತಿದ್ವಿ, ಕೂಗ್ದಿದ್ರೆ ಒತ್ತಿದ್ವಿ. ಪರದೆ ಮೇಲೆ ಅಕ್ಷರ ನೋಡ್ತೀವಿ, ಪ್ರಶ್ನೆ ಯಾರು ಓದ್ತಾರೆ? ಯಾರು ಎದ್ದು ಹೋಗಿ ಇಣುಕ್ತಾರೆ?" ಎಂದ.

ಅಷ್ಟು ವರ್ಷ ಪ್ರಶ್ನೆಯನ್ನು ತಿದ್ದಿ, ಕೀಲಿ ತಿದ್ದಿ, ಅಕ್ಷರ ಬದಲಿಸಿ ಮೇಡಂ ಕಾವಲು ಕಾದದ್ದು ಈ ಗಂಡಸರ ಬೆರಳುಗಳನ್ನು. ಹಾಲಮ್ಮನನ್ನು ಉಳಿಸುತ್ತ ಬಂದದ್ದು ಮಾತ್ರ ನಿದ್ದೆಬುರುಕರನ್ನು ಎಬ್ಬಿಸಲೆಂದು ಸೇರಿಸಿದ ಆ ಒಂದು ಸದ್ದು. ಮೇಡಂ ಹಾಲಮ್ಮನ ಚಪ್ಪಲಿಯನ್ನು ತಾವೇ ಎತ್ತಿ ತಂದು ಅವಳ ಕಾಲ ಬಳಿ ಇಟ್ಟರು.

ಹಬ್ಬ ಮುಗಿದ ಮೇಲೆ 1.6 ತಂದರು. ನಟನೆಯ ಡಾಸಿಗೂ ಹೊಂದುವಂತೆ ಬರೆದಿದ್ದರು. ಹೊಸ ಕಂಪ್ಯೂಟರಿನ ಸದ್ದು ಕ್ಯಾಬಿನ್ನಿನ ಆಚೆಗೇ ಕೇಳುತ್ತಿರಲಿಲ್ಲ, ಹಾಗಾಗಿ ನನ್ನ ಕೈಯಲ್ಲಿ ಒಂದು ದೊಡ್ಡ ಸ್ಪೀಕರನ್ನು ಓವನ್ನಿನ ಗೋಡೆಗೆ ಕೂರಿಸಿದರು. ಪರೀಕ್ಷೆ ಮಾಡಬೇಕಿತ್ತು. ಬೆಂಕಿಯ ಫ್ಯೂಸು ಕಿತ್ತು, ಬ್ಲೋವರು ಮಾತ್ರ ಉಳಿಸಿದೆವು.

"ಹಾಲಮ್ಮನ್ನ ಒಳಗೆ ಕಳ್ಸಿ" ಎಂದ ಆಕರ್ಷ.

"ಅವಳು ಹೋಗಿ ಬಂದದ್ದು ಸಾಲ್ದಾ?" ಎಂದು ಮೇಡಂ ಬ್ಯಾಗು ನನ್ನ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೂಗು ಮುಚ್ಚಿಕೊಳ್ಳದೆ, ಆ ಮಸಿ, ಅಂಟು, ಜಿರಳೆಗಳ ನಡುವೆ ಗೋಡೆ ಹಿಡಿದುಕೊಂಡು ಕೊನೆಯ ತನಕ ನಡೆದು ಹೋದರು.

ನಾನು ಫೈಲು ಓಡಿಸಿದೆ. ಕುಯ್ ಎಂದು ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿತು. ಒಳಗಿನಿಂದ ಮೇಡಂ ದನಿ ಸ್ಪಷ್ಟವಾಗಿ ಬಂತು. "ನಾನಿದೀನಿ!" ನಾನು ಎನ್ ಒತ್ತಿ ನಿಲ್ಲಿಸಿದೆ. ಸರಿಯಾಯಿತು ಎಂದು ಎಲ್ಲರೂ ಏಳುವಷ್ಟರಲ್ಲಿ ಅವರು ಒಳಗಿನಿಂದಲೇ, "ಇನ್ನೊಂದ್ಸಲ ದುಶ್ಯಂತ. ಈ ಸಲ ತಡೀಬೇಡ. ಬಾಗ್ಲು ಬೀಳ್ಲಿ" ಎಂದರು.

ಬಾಗಿಲು ಇಳಿಯಿತು, ಬ್ಲೋವರು ತಿರುಗಿತು. ಆಕರ್ಷ, ಮಲ್ಲೇಶ, ಹಾಲಮ್ಮ, ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಏನೂ ಇಲ್ಲ. ಒಂದೆರಡು ನಿಮಿಷ ಬಿಟ್ಟು ಬಾಗಿಲು ಎತ್ತಿದೆವು. ಮೇಡಂ ಬಾಗಿಲಿನ ಹಿಂದೆಯೇ ನಿಂತಿದ್ದರು. ಎರಡೂ ಅಂಗೈ ಕಪ್ಪಾಗಿದ್ದವು, ಬಾಗಿಲು ಬಡಿದಿದ್ದರು. ದನಿ ಒಡೆದಿತ್ತು.

"ಕೇಳಿಸ್ತಾ?"

"ಇಲ್ಲ ಮೇಡಂ."

"ಬಡಿದದ್ದು?"

"ಅದೂ ಇಲ್ಲ."

ಅವರು ಹಾಲಮ್ಮನ ಮುಖ ನೋಡಿದರು. ಆಮೇಲೆ ಸೀದಾ ಕ್ಯಾಬಿನ್ನಿಗೆ ಹೋಗಿ ಕೂತರು. ನಾನು ಬ್ಯಾಗಿನಿಂದ ಹತ್ತಿ ತೆಗೆದು ಮುಂದೆ ಹಿಡಿದೆ, ತೆಗೆದುಕೊಳ್ಳಲಿಲ್ಲ. ಮಸಿಯ ಬೆರಳುಗಳಿಂದಲೇ ಟಿಪ್ಪಣಿಯ ಕೊನೆಗೆ ಬರೆದರು. ಅದು ಈಗಲೂ ಆ ಕಂಪ್ಯೂಟರಿನಲ್ಲಿದೆ, ಆಕರ್ಷ ದಿನಾ ಅದರ ಮುಂದೆಯೇ ಕೂರುತ್ತಾನೆ.

"1.6. ಬಾಗಿಲು ಇಳಿದ ಮೇಲೆ ಒಳಗಿನ ಕೂಗು ಹೊರಗೆ ಕೇಳುವುದಿಲ್ಲ. ನಾನೇ ಪರೀಕ್ಷಿಸಿದ್ದೇನೆ. ತಡಿಯ ಸಾಲನ್ನು ತೆಗೆಯಬೇಕೆನ್ನುವವರು ಮೊದಲು ಒಳಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ಕೂಗಿ ಬನ್ನಿ."